ಲಿಪಿಡ್ ರಿಪೋರ್ಟಿನ ಎರಡನೇ ಸಾಲು ಯಾರೂ ಓದಂಗಿಲ್ಲ

(1/7)

ನೀವು ಇನ್‌ಬಾಕ್ಸಿಗೆ ಕಳಿಸೋ ರಿಪೋರ್ಟಿನ ಫೋಟೋ ನೋಡಿ ನೋಡಿ ಈ ಸರಣಿ ಬರೀತಾ ಇದೀನಿ. ಹೆಚ್ಚಿನವರು ಕೇಳೋದು ಒಂದೇ ಪ್ರಶ್ನೆ: "ಕೊಲೆಸ್ಟ್ರಾಲ್ ನಾರ್ಮಲ್ ಐತಲ್ರಿ, ಚಿಂತಿ ಇಲ್ಲಲ್ಲ?" ಅದರ ಕೆಳಗಿನ ಸಾಲಿನಲ್ಲೇ ಟ್ರೈಗ್ಲಿಸರೈಡ್ 280, 340, 410 ಅಂತ ದಪ್ಪ ಅಕ್ಷರದಲ್ಲಿ ಬಿದ್ದಿರತೈತಿ. ಅದನ್ನು ಯಾರೂ ಓದಿರೋದಿಲ್ಲ. ಓದಿದವರು "ಇದು ಜಿಡ್ಡಿಂದು, ಮಿರ್ಚಿ ಬಿಟ್ರ ಹೋಕೈತಿ" ಅಂತ ಮಡಚಿ ಕಿಸೆಗೆ ಹಾಕಿಕೊಂಡಿರ್ತಾರೆ.

ನಾನು ಡಾಕ್ಟರ್ ಅಲ್ಲ, ಲ್ಯಾಬಿನವನು. ಔಷಧಿ ಬರೆಯೋದು ನನ್ನ ಕೆಲಸ ಅಲ್ಲ. ಆದರೆ ಡಾಕ್ಟರಿಗೆ ಕಾಣದ ಒಂದು ವಸ್ತು ನಮಗೆ ಕಾಣತೈತಿ. ರಕ್ತ ತೆಗೆದು ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣ ತಳಕ್ಕೆ ಕೂತು ಮೇಲೆ ತಿಳಿ ಹಳದಿ ನೀರು ನಿಲ್ಲತೈತಿ. ಅದೇ ಸೀರಂ. ಕೆಲವರದ್ದು ಮಾತ್ರ ತಿಳಿ ಇರೋದಿಲ್ಲ, ನೀರು ಮಜ್ಜಿಗೆಯಂತೆ ಬೆಳ್ಳಗೆ ಇರತೈತಿ. ಆ ಬಿಳುಪು ಬೇರೇನಲ್ಲ, ಟ್ರೈಗ್ಲಿಸರೈಡ್. ಯಂತ್ರ ನಂಬರ್ ಕೊಡೋಕೂ ಮೊದಲೇ ಕಣ್ಣಿಗೆ ಗೊತ್ತಾಗತೈತಿ.

ಇಂಥ ಟ್ಯೂಬಿನ ಮೇಲಿನ ಹೆಸರು ನೋಡಿ ತಿರುಗಿ ಆ ಮನುಷ್ಯನನ್ನು ನೋಡಿದರೆ ಆಶ್ಚರ್ಯ ಆಗತೈತಿ. ದಪ್ಪ ಇರೋದಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ವಯಸ್ಸು ಮೂವತ್ತೈದು, ನಲವತ್ತು. ಟ್ರ್ಯಾಕ್ಟರ್ ಓಡಿಸೋನು, ಅಂಗಡಿ ಇಟ್ಟೋನು, ಮೇಷ್ಟ್ರು. "ನಾ ಎಣ್ಣಿ ಮುಟ್ಟಂಗೇ ಇಲ್ರಿ" ಅಂತಾರೆ. ಯಾವ ಎಣ್ಣೆ ಅಂತ ನಾನು ಕೇಳಿದರೆ ಜೊತೆಗೆ ಬಂದ ಹೆಂಡತಿ ನಗ್ತಾರೆ. ನಮ್ಮ ಭಾಷೆಯಲ್ಲಿ ಎಣ್ಣೆ ಎರಡು ಥರದ್ದು. ಬಾಣಲೆಯ ಎಣ್ಣೆ ಬಿಟ್ಟು ಬಾಟಲಿ ಎಣ್ಣೆ ಹಾಗೇ ಇಟ್ಟುಕೊಂಡರೆ ಈ ನಂಬರ್ ಇಳಿಯೋದಿಲ್ಲ.

(2/7)

ಮೊದಲು ಇದು ಏನು ಅನ್ನೋದು. ಗ್ಲಿಸರಾಲ್ ಅನ್ನೋ ಒಂದು ಕೋಲಿಗೆ ಮೂರು ಕೊಬ್ಬಿನ ಆಮ್ಲ ಕಟ್ಟಿದರೆ ಟ್ರೈಗ್ಲಿಸರೈಡ್. ಶೇಂಗಾ ಎಣ್ಣೆ, ತುಪ್ಪ, ಬೆಣ್ಣೆ, ನಿಮ್ಮ ನಡುವಿನ ಸುತ್ತ ಇರೋ ಕೊಬ್ಬು, ಎಲ್ಲವೂ ಮುಖ್ಯವಾಗಿ ಇದೇ. ವಿಷ ಅಲ್ಲ, ದೇಹ ಕೂಡಿಟ್ಟ ಬುತ್ತಿ.

ರಕ್ತಕ್ಕೆ ಇದು ಎರಡು ದಾರಿಯಿಂದ ಬರತೈತಿ. ಒಂದು, ಉಂಡ ಕೊಬ್ಬು ಕರುಳಿನಿಂದ ನೇರ ಬರೋದು. ಇನ್ನೊಂದನ್ನು ನಮ್ಮ ಮಂದಿ ನಂಬೋದೇ ಇಲ್ಲ: ಲಿವರ್ ತಾನೇ ತಯಾರಿಸೋದು. ಅನ್ನ, ಸಕ್ಕರೆ, ಬೆಲ್ಲ, ಮೈದಾ ನಮ್ಮ ಖರ್ಚಿಗಿಂತ ಹೆಚ್ಚು ಒಳಗೆ ಹೋದರೆ ಲಿವರ್ ಆ ಹೆಚ್ಚಿನದರಲ್ಲಿ ಒಂದು ಪಾಲನ್ನು ಕೊಬ್ಬು ಮಾಡತೈತಿ. ಸಾರಾಯಿ ಹೋದರೆ ಇನ್ನೂ ಜೋರಾಗಿ ಮಾಡತೈತಿ, ಯಾಕಂದ್ರೆ ಆವಾಗ ಅದು ಇರೋ ಕೊಬ್ಬನ್ನು ಸುಡೋದನ್ನೂ ನಿಲ್ಲಿಸತೈತಿ. ನಮ್ಮ ಹಿರಿಯರು ಸುಗ್ಗಿ ಹೆಚ್ಚಾದರೆ ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರಲ್ಲ, ಹಾಗೆ. ಹಗೇವು ತುಂಬಿ ಬಾಯಿಗೆ ಬಂದ ಮೇಲೂ ಕಾಳು ಬರ್ತಾನೇ ಇದ್ರೆ? ಲಿವರಿನೊಳಗೇ ಉಳಿದರೆ ಅದು ಫ್ಯಾಟಿ ಲಿವರ್. ಬಂಡಿ ಕಟ್ಟಿ ರಕ್ತಕ್ಕೆ ಬಿಟ್ಟರೆ ಅದು ಹೈ ಟ್ರೈಗ್ಲಿಸರೈಡ್. ಬಹಳ ಮಂದಿಗೆ ಎರಡೂ ಇರತೈತಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಅಂತ ಬರೆದದ್ದನ್ನು "ಅದು ಎಲ್ಲಾರಿಗೂ ಇರತೈತಿ" ಅಂತ ಬಿಡೋರು, ಲಿಪಿಡ್ ರಿಪೋರ್ಟ್ ಪಕ್ಕದಲ್ಲಿಟ್ಟು ಒಮ್ಮೆ ನೋಡ್ರಿ.

ಆ ಬಂಡಿಯ ಹೆಸರು ವಿ‌ಎಲ್‌ಡಿಎಲ್. ಅದು ರಕ್ತದಲ್ಲಿ ಸುತ್ತಾಡಿ ಸ್ನಾಯುವಿಗೆ, ಕೊಬ್ಬಿನ ಕೋಶಕ್ಕೆ ಚೀಲ ಇಳಿಸತೈತಿ. ಇಳಿಸಿಕೊಳ್ಳೋ ಹಮಾಲಿ ಒಂದು ಕಿಣ್ವ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಲ್ಲಿ, ಕೂತಲ್ಲೇ ಕೂರೋರಲ್ಲಿ ಈ ಹಮಾಲಿ ಸೋಮಾರಿ. ಅರ್ಧ ಇಳಿಸಿದ, ಸಣ್ಣಗಾದ ಬಂಡಿಗಳು ದಾರಿಯಲ್ಲೇ ಉಳಿದುಬಿಡ್ತಾವೆ. ರಕ್ತನಾಳಕ್ಕೆ ಕೇಡು ಮಾಡೋದು ಇವೇ.

ಇಲ್ಲಿ ಒಂದು ಸೂಕ್ಷ್ಮ ಐತಿ. ನಾಳದ ಗೋಡೆಯಲ್ಲಿ ಕೂತು ಗಟ್ಟಿಯಾಗೋದು ಬಂಡಿಯ ಮೇಲಿನ ಟ್ರೈಗ್ಲಿಸರೈಡ್ ಅಲ್ಲ. ಅದೇ ಬಂಡಿಯಲ್ಲಿ ಇರೋ ಕೊಲೆಸ್ಟ್ರಾಲ್. ಉಳಿಕೆ ಬಂಡಿ ಸಣ್ಣದಾದ್ದರಿಂದ ಗೋಡೆಯೊಳಗೆ ನುಸುಳತೈತಿ, ಅಲ್ಲಿ ಸಿಕ್ಕಿಹಾಕಿಕೊಳ್ಳತೈತಿ, ಊತ ಎಬ್ಬಿಸತೈತಿ. ಜೊತೆಗೆ ಒಳ್ಳೆಯದು ಅನ್ನೋ ಎಚ್‌ಡಿಎಲ್ ಕಮ್ಮಿಯಾಗತೈತಿ, ಎಲ್‌ಡಿಎಲ್ ಕಣಗಳು ಸಣ್ಣಗೆ, ಒತ್ತಾಗಿ ಬದಲಾಗ್ತಾವೆ. ಒಟ್ಟು ಕೊಲೆಸ್ಟ್ರಾಲ್ 180 ಇದ್ದು "ನಾರ್ಮಲ್" ಅನಿಸಿಕೊಂಡ ಮನುಷ್ಯನ ಎದೆಯೊಳಗೆ ಇಷ್ಟೆಲ್ಲ ನಡೆದಿರಬಹುದು.

(3/7)

ಅಂಕಿ ಬೇಕು ಅನ್ನೋರಿಗೆ. 150ರೊಳಗೆ ಇದ್ದರೆ ಸರಿ. 150ರಿಂದ 199 ಗಡಿ. 200 ದಾಟಿದರೆ ಹೆಚ್ಚು. 500 ದಾಟಿದರೆ ಬಹಳ ಹೆಚ್ಚು, ಅದರ ಕಥೆ ಬೇರೆ, ಆರನೇ ಭಾಗದಲ್ಲಿ ಹೇಳ್ತೀನಿ.

ಇದು ನಮ್ಮ ಮಂದಿಯ ಕಾಯಿಲೆ ಹೌದೋ ಅಲ್ಲವೋ? ಐಸಿಎಂಆರ್ ಮೂರು ರಾಜ್ಯ ಮತ್ತು ಚಂಡೀಗಢದಲ್ಲಿ ರಕ್ತ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5. ಎಚ್‌ಡಿಎಲ್ ಕಮ್ಮಿ ಇದ್ದವರು ಶೇ. 72.3. ಅಂದ್ರೆ ನಮ್ಮ ದೇಶದ ರಕ್ತದ ತೊಂದರೆ ನಾವು ಎಲ್ಲಾರೂ ಹುಡುಕೋ ಜಾಗದಲ್ಲಿ ಕಮ್ಮಿ, ಯಾರೂ ನೋಡದ ಸಾಲಿನಲ್ಲಿ ಅದರ ಎರಡು ಪಟ್ಟು. ಕರ್ನಾಟಕ ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಲ್ಯಾಬಿನಲ್ಲಿ ಕೂತು ನಾನು ದಿನಾ ನೋಡೋದೂ ಇದೇ ಚಿತ್ರ.

ಕಾರಣ ತಟ್ಟೆಯಲ್ಲೇ ಐತಿ. ಭಾರತೀಯರ ಊಟದ ಶಕ್ತಿಯಲ್ಲಿ ಶೇ. 62ರಷ್ಟು ಬರೋದು ಅನ್ನ, ಗೋಧಿ, ಸಕ್ಕರೆಯಂಥವುಗಳಿಂದ ಅಂತ ಅದೇ ಐಸಿಎಂಆರ್ 2025ರಲ್ಲಿ ಹೇಳಿತು. ಇಟ್ಟಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಒಂದು ದಿನ ನೀವೇ ನೆನಪು ಮಾಡ್ಕೊಳ್ಳಿ. ಬೆಳಗ್ಗೆ ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ. ಹತ್ತು ಗಂಟೆಗೆ ಚಾ. ಮಧ್ಯಾಹ್ನ ರೊಟ್ಟಿ, ಅದರ ಮೇಲೆ ಎರಡು ಸಲ ಅನ್ನ. ನಾಲ್ಕಕ್ಕೆ ಚಾ, ಬಿಸ್ಕತ್ತು. ರಾತ್ರಿ ಮತ್ತೆ ಅನ್ನ. ಪಲ್ಯ ಬೆರಳಿಗೆ ಹತ್ತುವಷ್ಟು, ಕಾಳು ಒಂದು ಚಮಚ. ನೀವು ಈ ಊಟದಲ್ಲಿ ತಪ್ಪು ಅಂತ ತೆಗೆದುಹಾಕೋದು ಯಾವುದನ್ನ? ಮಿರ್ಚಿಯನ್ನು. ಮಿರ್ಚಿ ಬಿಟ್ಟು ಇನ್ನೊಂದು ಪ್ಲೇಟ್ ಮಂಡಕ್ಕಿ ತಗೋತೀರಿ, "ಹಗುರ ಐತಿ" ಅಂತ. ಮಂಡಕ್ಕಿ ತೂಕಕ್ಕೆ ಹಗುರ, ರಕ್ತಕ್ಕೆ ಅನ್ನವೇ. ಬಾಯಲ್ಲಿ ಕರಗಿದಷ್ಟೇ ಬೇಗ ಸಕ್ಕರೆಯಾಗತೈತಿ.

ಚಾದ ಲೆಕ್ಕ ಬೇರೆ ಹೇಳಬೇಕು. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದ್ರೆ ಸುಮಾರು 10 ಗ್ರಾಂ. ಐದು ಕಪ್ಪಿಗೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿದ ಗೆರೆಯೂ ಹೆಚ್ಚುಕಮ್ಮಿ ಅಷ್ಟೇ, ಅದರ ಅರ್ಧಕ್ಕೆ ಇಳಿದರೆ ಒಳ್ಳೆಯದು ಅಂತಲೂ ಹೇಳತೈತಿ. ಅಂದ್ರೆ ನಿಮ್ಮ ಇಡೀ ದಿನದ ಕೋಟಾ ಚಾದಲ್ಲೇ ಮುಗೀತು. ಗೋದಿ ಹುಗ್ಗಿ, ಹೋಳಿಗಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ನಮ್ಮಪ್ಪ ಇದಕ್ಕಿಂತ ಹೆಚ್ಚು ಉಣ್ತಿದ್ದ" ಅನ್ನೋರಿಗೆ ನನ್ನ ಉತ್ತರ: ಹೌದು ರೀ, ಉಣ್ತಿದ್ದರು. ಎತ್ತಿನ ಹಿಂದೆ ಹೊಲ ತುಂಬ ನಡೀತಿದ್ದರು, ಜೋಳದ ಸುಗ್ಗಿಯಲ್ಲಿ ಬೆನ್ನು ನೆಲಕ್ಕೆ ಹಚ್ಚದೆ ದುಡೀತಿದ್ದರು. ಈಗ ಟ್ರ್ಯಾಕ್ಟರ್ ಬಂತು, ಮೆಕ್ಕೆಜೋಳ ಬಿಡಿಸೋಕೆ ಯಂತ್ರ ಬಂತು, ಹೊಲಕ್ಕೆ ಹೋಗೋಕೂ ಬೈಕ್. ಕೆಲಸ ಹಗುರಾಗಿದ್ದು ಒಳ್ಳೇದೇ, ಅದನ್ನ ಬೇಡ ಅನ್ನೋ ಹಳೇ ಕಾಲದ ಭಕ್ತ ನಾನಲ್ಲ. ಆದರೆ ಕೆಲಸ ಕಮ್ಮಿಯಾದಷ್ಟು ತಟ್ಟೆ ಕಮ್ಮಿಯಾಗಲಿಲ್ಲ.

ಇನ್ನು ಜೋಳದ ರೊಟ್ಟಿ ತಿಂದರೆ ಎಲ್ಲಾ ಸರಿಹೋಗತೈತಿ ಅನ್ನೋ ರೀಲ್ಸ್ ಬಹಳ ಓಡಾಡ್ತಾವೆ. ರೊಟ್ಟಿ ಅನ್ನಕ್ಕಿಂತ ಮೇಲು, ನಾರು ಹೆಚ್ಚು, ಹೊಟ್ಟೆ ಬೇಗ ಹಸಿಯೋದಿಲ್ಲ. ಆದರೂ ಅದರಲ್ಲಿ ಇರೋದು ಹೆಚ್ಚಾಗಿ ಪಿಷ್ಟವೇ. ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು, ಪುಂಡಿಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಅಂದ್ರೆ ಅದು ಊಟ. ನಾಲ್ಕು ರೊಟ್ಟಿ, ಮೇಲೆ ಅನ್ನ ಅಂದ್ರೆ ಅದೇ ಹಳೇ ಹಗೇವು.

(4/7)

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ನಾನು ತೆಗೆಯೋ ಲಿಪಿಡ್ ಸ್ಯಾಂಪಲ್‌ಗಳಲ್ಲಿ ಗಂಡಸರದ್ದೇ ಹೆಚ್ಚು. ಹೆಣ್ಣುಮಕ್ಕಳು ಬಂದರೆ ಹಿಮೋಗ್ಲೋಬಿನ್, ಥೈರಾಯ್ಡ್, ಅಲ್ಲಿಗೆ ಮುಗೀತು. ಮುಟ್ಟು ನಿಂತ ಮೇಲೆ ಅವರಲ್ಲೂ ಈ ಅಂಕಿ ಏರತೈತಿ, ಪಿಸಿಓಡಿ ಇರೋ ಹುಡುಗಿಯರಲ್ಲಿ ಚಿಕ್ಕ ವಯಸ್ಸಿನಲ್ಲೇ ಏರಬಹುದು. ಎಲ್ಲಾರಿಗೂ ಬಡಿಸಿ ಕೊನೆಗೆ ಪಲ್ಯ ಖಾಲಿಯಾದ ಬುಟ್ಟಿಯಲ್ಲಿ ಉಳಿದ ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣೋರು ಯಾರು? ಕೆಡಬಾರದು ಅಂತ ಮಿಕ್ಕಿದ ಚಾ ಕುಡಿಯೋರು ಯಾರು? ಹಡಗಲಿ ಮಲ್ಲಿಗೆ ಬಿಡಿಸೋಕೆ ನಸುಕಿನಲ್ಲಿ ಬರೀ ಚಾ ಕುಡಿದು ಹೋಗೋರು ಯಾರು? ಎದೆ ನೋವು ಬಂದಾಗಲೂ "ಗ್ಯಾಸ್ ಇರಬೇಕು" ಅಂತ ಸುಮ್ಮನಾಗೋರೂ ಅವರೇ. ಈ ಸರಣಿ ಓದೋ ಗಂಡಸರೇ, ನಿಮ್ಮ ಟೆಸ್ಟಿಗೆ ಹೋಗುವಾಗ ಮನೆಯವರನ್ನೂ ಕರಕೊಂಡು ಹೋಗ್ರಿ.

(5/7)

ಈಗ ಜಗಳ ಬರೋ ವಿಷಯಕ್ಕೆ ಬರ್ತೀನಿ. ಟ್ರೈಗ್ಲಿಸರೈಡ್ ಇಳಿಸೋ ಗುಳಿಗೆ ತಗೊಂಡರೆ ಹೃದಯ ಉಳೀತು ಅಂತ ಬಹಳ ಮಂದಿ ನಂಬಿದ್ದಾರೆ. ನಂಬರ್ 340ರಿಂದ 190ಕ್ಕೆ ಬಂದ ರಿಪೋರ್ಟ್ ತಂದು ತೋರಿಸಿ "ಗೆದ್ದೆ ನೋಡ್ರಿ" ಅಂತಾರೆ. ಖುಷಿಯ ಮಾತೇ. ಆದರೆ ಅದು ಹೆಂಗೆ ಇಳೀತು ಅನ್ನೋದು ಮುಖ್ಯ.

ಪೆಮಾಫೈಬ್ರೇಟ್ ಅನ್ನೋ ಔಷಧಿಯ ಮೇಲೆ ನಡೆದ ಪ್ರಾಮಿನೆಂಟ್ ಅಧ್ಯಯನ 2022ರಲ್ಲಿ ಹೊರಬಂತು. ಸಕ್ಕರೆ ಕಾಯಿಲೆ ಇದ್ದು ಟ್ರೈಗ್ಲಿಸರೈಡ್ ಹೆಚ್ಚಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಔಷಧಿ ತಗೊಂಡವರ ಟ್ರೈಗ್ಲಿಸರೈಡ್ ಕಾಲು ಭಾಗ ಇಳೀತು. ಹೃದಯಾಘಾತ, ಪಾರ್ಶ್ವವಾಯು ಮಾತ್ರ ಕಮ್ಮಿಯಾಗಲಿಲ್ಲ. 2010ರ ಅಕಾರ್ಡ್ ಅಧ್ಯಯನದಲ್ಲಿ ನಮ್ಮಲ್ಲಿ ಬಹಳ ಬರೆಯೋ ಫೆನೋಫೈಬ್ರೇಟ್ ಕಥೆಯೂ ಒಟ್ಟಾರೆ ಹೀಗೇ ಆಯ್ತು. ಮೀನೆಣ್ಣೆಯಿಂದ ತೆಗೆದು ಶುದ್ಧ ಮಾಡಿದ ಒಂದು ಔಷಧಿ ದಿನಕ್ಕೆ 4 ಗ್ರಾಂ ಕೊಟ್ಟಾಗ, ಸ್ಟ್ಯಾಟಿನ್ ಜೊತೆಗೆ, ಅಪಾಯ ಶೇ. 25 ಇಳೀತು ಅಂತ 2018ರಲ್ಲಿ ರೆಡ್ಯೂಸ್-ಇಟ್ ಹೇಳಿತು. ಎರಡು ವರ್ಷದ ಮೇಲೆ ಇನ್ನೊಂದು ಮೀನೆಣ್ಣೆ ಔಷಧಿಯ ಸ್ಟ್ರೆಂಥ್ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. ಡಾಕ್ಟರುಗಳ ನಡುವೆ ಈ ವಾದ ಇನ್ನೂ ಮುಗಿದಿಲ್ಲ. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗೋ ಹಳದಿ ಕ್ಯಾಪ್ಸೂಲ್ ನುಂಗಿ ನೆಮ್ಮದಿಯಾಗಿ ಮಲಗೋರನ್ನು ಕಂಡರೆ ನನಗೆ ಚಿಂತೆ.

ಯಾಕೆ ಹೀಗಾಯ್ತು? ಮತ್ತೆ ಬಂಡಿಗೇ ಬರ್ರಿ. ಟ್ರೈಗ್ಲಿಸರೈಡ್ ಅಳೆಯೋದು ಅಂದ್ರೆ ಬಂಡಿಯ ಮೇಲಿನ ಚೀಲ ಎಣಿಸಿದಂತೆ. ನಾಳದೊಳಗೆ ನುಗ್ಗೋದು ಬಂಡಿ. ಪ್ರಾಮಿನೆಂಟ್‌ನಲ್ಲಿ ಚೀಲ ಕಮ್ಮಿಯಾದವು, ಬಂಡಿ ಕಮ್ಮಿಯಾಗಲಿಲ್ಲ. ಬಂಡಿ ಎಣಿಸೋ ಟೆಸ್ಟಿಗೆ ಅಪೊಬಿ ಅಂತ ಹೆಸರು, ಒಂದು ಕಣಕ್ಕೆ ಒಂದೇ ಅಪೊಬಿ. ನಮ್ಮ ತಾಲೂಕುಗಳಲ್ಲಿ ಅದನ್ನು ಕೇಳೋರೇ ಕಮ್ಮಿ. ಪರವಾಗಿಲ್ಲ, ಮನೆಯಲ್ಲೇ ಒಂದು ಕಳೆಯೋ ಲೆಕ್ಕ ಮಾಡಬಹುದು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೀರಿ. 195ರಲ್ಲಿ 32 ಕಳೆದರೆ 163. ಇದು ನಾನ್-ಎಚ್‌ಡಿಎಲ್, ಕೆಟ್ಟ ಬಂಡಿಗಳೆಲ್ಲದರ ಕೊಲೆಸ್ಟ್ರಾಲ್ ಒಂದೇ ಕಡೆ. ಬೇರೆ ಕಾಯಿಲೆ ಇಲ್ಲದವರಿಗೆ 130ರೊಳಗೆ ಇದ್ದರೆ ಒಳ್ಳೇದು. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಕೆಳಗೆ, ಎಷ್ಟು ಅನ್ನೋದು ನಿಮ್ಮ ಡಾಕ್ಟರ್ ಹೇಳ್ತಾರೆ. ನೋಡಿ, 195 ಅಂತ ನೆಮ್ಮದಿಯಾಗಿ ಇದ್ದ ಮನುಷ್ಯ ಒಂದು ಕಳೆಯುವಿಕೆಯಲ್ಲೇ ಗೆರೆ ದಾಟಿಬಿಟ್ಟ.

ಇನ್ನೊಂದು ಲ್ಯಾಬಿನ ಗುಟ್ಟು. ಬಹಳಷ್ಟು ರಿಪೋರ್ಟಿನಲ್ಲಿ ಎಲ್‌ಡಿಎಲ್ ಅಳತೆ ಮಾಡಿದ್ದಲ್ಲ, 1972ರ ಒಂದು ಸೂತ್ರದಿಂದ ಲೆಕ್ಕ ಹಾಕಿದ್ದು. ಆ ಸೂತ್ರದಲ್ಲಿ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಕಳೀತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವೇ ಕೆಲಸಕ್ಕೆ ಬರೋದಿಲ್ಲ. 450 ಟ್ರೈಗ್ಲಿಸರೈಡ್ ಇಟ್ಟುಕೊಂಡು "ನನ್ನ ಎಲ್‌ಡಿಎಲ್ 70, ಫಸ್ಟ್ ಕ್ಲಾಸ್" ಅನ್ನೋರು, ಅದು ಅಳೆದದ್ದೋ ಲೆಕ್ಕ ಹಾಕಿದ್ದೋ ಅಂತ ಲ್ಯಾಬಿನಲ್ಲಿ ಕೇಳ್ರಿ. ಕೇಳೋದು ನಿಮ್ಮ ಹಕ್ಕು.

ಹಾಗಂತ ಗುಳಿಗೆ ಬಿಡ್ರಿ ಅಂತ ನಾನು ಹೇಳ್ತಾ ಇಲ್ಲ. ಸ್ಟ್ಯಾಟಿನ್ ಬಂಡಿಗಳನ್ನೇ ಕಮ್ಮಿ ಮಾಡತೈತಿ, ಅದರ ಪುರಾವೆ ಗಟ್ಟಿ. ಯಾರಿಗೋ ಕೈಕಾಲು ನೋವು ಬಂತು ಅಂತ ಕೇಳಿ ನೀವು ನಿಲ್ಲಿಸಬೇಡ್ರಿ. ಅದಕ್ಕೂ ಮುಂಚೆ ಬರೆದುಕೊಟ್ಟವರ ಹತ್ರ ಮಾತಾಡ್ರಿ.

(6/7)

500 ದಾಟಿದವರು ಈ ಭಾಗವನ್ನು ಎರಡು ಸಲ ಓದ್ರಿ. ಇಲ್ಲಿ ಭಯ ಹೃದಯದ್ದಷ್ಟೇ ಅಲ್ಲ, ಮೇದೋಜೀರಕ ಗ್ರಂಥಿಯದ್ದು, ಪ್ಯಾಂಕ್ರಿಯಾಸ್ ಅಂತಾರಲ್ಲ ಅದು. ಸಾವಿರ ದಾಟಿದರೆ ಅದು ಊದಿಕೊಳ್ಳೋ ಅಪಾಯ ಬಹಳ. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯೋ ನೋವು, ವಾಂತಿ. ನಮ್ಮಲ್ಲಿ ಇದಕ್ಕೂ ಗ್ಯಾಸ್ ಅಂತಲೇ ಹೆಸರು, ಇದಕ್ಕೂ ಸೋಡಾ ಕುಡಿಸ್ತಾರೆ. ಈ ನೋವಿಗೆ ಮನೆ ಮದ್ದು ಇಲ್ಲ, ಆಸ್ಪತ್ರೆಯೇ. ಫೈಬ್ರೇಟ್ ಗುಳಿಗೆಗೆ ನಿಜವಾದ ಕೆಲಸ ಇರೋದು ಇಂಥವರಲ್ಲಿ. ಇವರಿಗೆ ಮದ್ಯ ಪೂರ್ತಿ ಬಂದ್, ಒಂದು ಪೆಗ್ಗಿನ ರಿಯಾಯಿತಿಯೂ ಇಲ್ಲ. ಇಷ್ಟು ಹೆಚ್ಚಿದ್ದರೆ ಅದು ರಕ್ತದಲ್ಲೇ, ವಂಶದಲ್ಲೇ ಬಂದಿರಬಹುದು. ಅಣ್ಣತಮ್ಮಂದಿರು, ಅಕ್ಕತಂಗಿಯರೂ ಟೆಸ್ಟ್ ಮಾಡಿಸಬೇಕು.

200ರಿಂದ 500ರ ನಡುವೆ ಇರೋರು ಮೊದಲು ಹುಡುಕಬೇಕಾದದ್ದು ಕಾರಣ. ಸಕ್ಕರೆ ಕಾಯಿಲೆ ಗೊತ್ತಿಲ್ಲದೆ ಒಳಗೆ ಕೂತಿದೆಯಾ? ಥೈರಾಯ್ಡ್ ಕಮ್ಮಿ ಇದೆಯಾ? ಕಿಡ್ನಿ ಹೆಂಗಿದೆ? ಸ್ಟಿರಾಯ್ಡ್‌ನಂಥ ಔಷಧಿ ನಡೀತಾ ಇದೆಯಾ? ಇವನ್ನು ನೋಡದೆ ಬರೀ ನಂಬರಿಗೆ ಗುಳಿಗೆ ಕೊಡೋದು ಮನೆ ಸೋರುವಾಗ ಕೆಳಗೆ ಬಕೆಟ್ ಇಟ್ಟಂಗೆ.

ಆಮೇಲೆ ಬಾಟಲಿ, ಚಾದ ಸಕ್ಕರೆ, ತಂಪು ಪಾನೀಯ. ಈ ಮೂರನ್ನು ಹಿಡಿದರೆ ಕೆಲವೇ ವಾರದಲ್ಲಿ ಅಂಕಿ ಇಳಿಯೋದನ್ನು ನಾನು ನೋಡ್ತಾ ಇರ್ತೀನಿ. ಲಿಪಿಡ್ ರಿಪೋರ್ಟಿನಲ್ಲಿ ಇಷ್ಟು ಬೇಗ ಮಾತು ಕೇಳೋ ಸಾಲು ಇನ್ನೊಂದಿಲ್ಲ. ತೂಕ ಹೆಚ್ಚಿದ್ದವರು ಅದರಲ್ಲಿ ಶೇ. 5ರಿಂದ 10 ಇಳಿಸಿದರೆ ಟ್ರೈಗ್ಲಿಸರೈಡ್ ಸುಮಾರು ಶೇ. 20 ಇಳಿಯತೈತಿ. 80 ಕಿಲೋ ಇದ್ದವರಿಗೆ ನಾಲ್ಕರಿಂದ ಎಂಟು ಕಿಲೋ ಅಷ್ಟೇ. ಊಟ ಆದ ಮೇಲೆ ಕಟ್ಟೆ ಮೇಲೆ ಕೂರೋ ಬದಲು ಊರ ಬಾಗಿಲ ತನಕ ನಡೆದು ಬರ್ರಿ, ಹರಟೆ ನಡೀತಾ ಹೊಡಿಬಹುದು.

ಶೇಂಗಾ ಬಿಡಬೇಕಾ ಅಂತ ಬಹಳ ಮಂದಿ ಕೇಳಿದ್ದೀರಿ. ಬಿಡಬೇಡ್ರಿ, ಒಂದು ಹಿಡಿ ಸಾಕು. ಎಣ್ಣೆ, ಶೇಂಗಾ ಪೂರ್ತಿ ಬಿಟ್ಟು ಆ ಹಸಿವಿಗೆ ಅನ್ನ ತುಂಬಿದರೆ ಟ್ರೈಗ್ಲಿಸರೈಡ್ ಏರತೈತಿ, ಇಳಿಯೋದಿಲ್ಲ. ಅಗಸಿ ಚಟ್ನಿ ಒಳ್ಳೇದು, ತಿನ್ರಿ, ಆದರೆ ಅದೇ ಔಷಧಿ ಅಂತ ನಂಬಬೇಡ್ರಿ. 500 ದಾಟಿದವರಿಗೆ ಮಾತ್ರ ಎಣ್ಣೆ ತುಪ್ಪದ ಲೆಕ್ಕವೂ ಬಿಗಿ, ಡಾಕ್ಟರ್ ಹೇಳಿದಷ್ಟೇ.

ಟೆಸ್ಟಿಗೆ ಬರುವಾಗ: ಮದುವೆ, ಜಾತ್ರೆಯ ಮರುದಿನ ಬರಬೇಡ್ರಿ. ಮೈಲಾರಕ್ಕೆ ಹೋಗಿ ಬಂದು ಎರಡು ದಿನ ಸುಧಾರಿಸಿಕೊಂಡು ಬರ್ರಿ. ಉಂಡು ಬಂದರೂ ಲಿಪಿಡ್ ಟೆಸ್ಟ್ ಈಗ ನಡೀತೈತಿ, ಆದರೆ ಟ್ರೈಗ್ಲಿಸರೈಡ್ ಜಾಸ್ತಿ ಬಂದರೆ 9ರಿಂದ 12 ತಾಸು ಉಪವಾಸ ಮಾಡಿ ಮತ್ತೊಮ್ಮೆ ಕೊಡಬೇಕು. ಉಪವಾಸ ಅಂದ್ರೆ ಚಾನೂ ಇಲ್ಲ. ನೀರು ಕುಡಿಬಹುದು.

(7/7)

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ನಮ್ಮ ಮಂದಿ ತೆಗೆದ ಪಾಠ "ಜಿಮ್ಮಿಗೆ ಹೋಗಬಾರದು" ಅಂತ. 2025ರಲ್ಲಿ ಹಾಸನದಲ್ಲಿ ಚಿಕ್ಕ ವಯಸ್ಸಿನವರ ಸಾವು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿನಿಂದಲೇ ಸಾಲು ನಿಂತಿತು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹೃದಯಾಘಾತ ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ಆ ಹೊತ್ತಿಗೆ ಜನಕ್ಕೆ ಭಯ ಹೋಗಿ ಮರೆವು ಬಂದಿತ್ತು.

ನನ್ನ ತಕರಾರು ಇಷ್ಟೇ. ಭಯ ಬಿದ್ದಾಗ ಎಲ್ಲಾರೂ ಓಡಿದ್ದು ಇಸಿಜಿಗೆ. ಇಸಿಜಿ ಈ ಗಳಿಗೆಯ ಫೋಟೋ. ನಾಳ ಅರ್ಧ ಕಟ್ಟಿದ್ದರೂ ಕೂತು ತೆಗೆಸಿದ ಇಸಿಜಿ ನಾರ್ಮಲ್ ಬರಬಹುದು. ಹತ್ತು ವರ್ಷದಿಂದ ಒಳಗೆ ಏನು ನಡೀತಾ ಇದೆ ಅನ್ನೋದನ್ನು ಹೇಳೋದು ಬಿಪಿ, ಸಕ್ಕರೆ, ಲಿಪಿಡ್, ಬೀಡಿ-ಸಿಗರೇಟಿನ ಲೆಕ್ಕ, ಹೊಟ್ಟೆಯ ಸುತ್ತಳತೆ. ಇವಕ್ಕೆ ಯಾರೂ ಸಾಲು ನಿಲ್ಲಲಿಲ್ಲ. ನಮ್ಮ ಜಾತ್ರೆಗಳ ಆರೋಗ್ಯ ಶಿಬಿರಗಳಲ್ಲೂ ಬಿಪಿ, ಸಕ್ಕರೆ ನೋಡಿ ಒಂದು ಪೊಟ್ಟಣ ವಿಟಮಿನ್ ಕೊಟ್ಟು ಫೋಟೋ ತೆಗೀತಾರೆ. ಅಲ್ಲಿ 35 ದಾಟಿದವರಿಗೆ ಒಂದು ಲಿಪಿಡ್ ಟೆಸ್ಟ್ ಸೇರಿಸಿದರೆ ಬ್ಯಾನರಿನ ಖರ್ಚಿಗಿಂತ ದೊಡ್ಡದೇನೂ ಆಗೋದಿಲ್ಲ. ಶಿಬಿರ ಮಾಡೋ ಸಂಘದವರು ಈ ಪೇಜ್ ನೋಡ್ತೀರಿ ಅಂತ ಗೊತ್ತು, ಅದಕ್ಕೇ ಬರೀತಾ ಇದೀನಿ.

ಎದೆ ಹಿಂಡಿದಂಗಾಗಿ ಬೆವರು ಬಂದರೆ ಏನು ಮಾಡಬೇಕು ಅನ್ನೋದನ್ನೂ ಈಗಲೇ ತಿಳ್ಕೊಳ್ಳಿ. ನಮ್ಮ ಕಡೆಯಿಂದ ದೊಡ್ಡ ಹೃದಯದ ಆಸ್ಪತ್ರೆ ಅಂದ್ರೆ ದಾವಣಗೆರೆ, ಬಳ್ಳಾರಿ, ಹುಬ್ಬಳ್ಳಿ. ಕಾರು ಹುಡುಕಿ, ದುಡ್ಡು ಹೊಂದಿಸಿ ಹೊರಡೋ ಹೊತ್ತಿಗೆ ಅಮೂಲ್ಯವಾದ ತಾಸು ಕಳೆದಿರತೈತಿ. ಪುನೀತ್ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಐತಿ. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸ್ತಾರೆ, ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕಾದರೆ ಅಲ್ಲೇ ಪುಕ್ಕಟೆ ಕೊಡ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ರಾತ್ರಿ ಹೊತ್ತೂ ಇದೆಯಾ ಅಂತ ಎದೆ ನೋವು ಬರೋಕೆ ಮೊದಲೇ, ಬೇರೆ ಕೆಲಸಕ್ಕೆ ಹೋದಾಗ ಕೇಳಿಟ್ಕೊಳ್ಳಿ. ಇಲ್ಲ ಅಂದ್ರೆ ಗ್ರಾಮಸಭೆಯಲ್ಲಿ ಎದ್ದು ಕೇಳ್ರಿ. ರಸ್ತೆ, ಚರಂಡಿಗೆ ಕೇಳ್ತೀವಿ, ಇದಕ್ಕೂ ಕೇಳಬಹುದು. ಆಂಬ್ಯುಲೆನ್ಸ್ ನಂಬರ್ 108 ಮನೆಯ ಸಣ್ಣ ಮಕ್ಕಳಿಗೂ ಗೊತ್ತಿರಲಿ.

ರಿಪೋರ್ಟ್ ಕಳಿಸೋರು ಹೆಸರು, ಫೋನ್ ನಂಬರ್ ಮುಚ್ಚಿ ಕಳಿಸ್ರಿ. ವಯಸ್ಸು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಉಪವಾಸ ಇದ್ದು ಕೊಟ್ಟದ್ದೋ ಉಂಡು ಕೊಟ್ಟದ್ದೋ, ಇಷ್ಟು ಬರೀರಿ. ಸಾಲುಗಳ ಅರ್ಥ ನಾನು ಹೇಳ್ತೀನಿ, ಔಷಧಿ ಡಾಕ್ಟರ್ ಹೇಳ್ತಾರೆ. ಮುಂದಿನ ವಾರ ಫ್ಯಾಟಿ ಲಿವರ್ ಬಗ್ಗೆ, ಅದಕ್ಕೆ ನಿಮ್ಮ ಸ್ಕ್ಯಾನಿಂಗ್ ರಿಪೋರ್ಟ್ ಹುಡುಕಿ ಇಟ್ಕೊಳ್ಳಿ.